ಬಸ್ಸಿನಲ್ಲಿ ಗೆದ್ದ ಮಾತು

ನಾಚಿಕೆಯ ವಿರುದ್ಧ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಪರ ಕೊಟ್ಟರೂ ಸರಿ, ವಿರೋಧ ಕೊಟ್ಟರೂ ಸರಿ, ಬಹುಮಾನದ ಢಾಲು ನಮ್ಮ ಕಾಲೇಜಿಗೇ ಬರುತ್ತಿತ್ತು. ಆ ಚಟವನ್ನು ಕೆಲಸಕ್ಕೂ ತಂದುಕೊಂಡೆ. ಮಗನನ್ನು ಮದುವೆ ಮನೆಗೆ ಕರೆದೊಯ್ಯಲು ನಾಚುವ ತಾಯಿಗೆ, ಬೀಗರು ಬಂದಾಗ ಮಗಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಮುಂದೆ ಮಾಡುವ ತಂದೆಗೆ ನಾನು ಹೇಳುತ್ತಿದ್ದುದು ಒಂದೇ: ನಾಚಿಕೊಳ್ಳಲು ನಿಮ್ಮ ಹತ್ತಿರ ಪುರಾವೆ ಏನಿದೆ, ಮೊದಲು ಅದನ್ನು ತೋರಿಸಿ. ಚೆನ್ನಾಗಿಯೇ ಹೇಳುತ್ತಿದ್ದೆ. ಈಗ ಕೆಲವು ತಿಂಗಳಿಂದ ಬಸ್ಸು ಹತ್ತಿದರೆ ಸಾಕು, ನನ್ನ ಕಿವಿಗಳು ಬಿಸಿಯಾಗುತ್ತವೆ. ನನ್ನ ಹತ್ತಿರ ಪುರಾವೆ ಇದೆ.

ಹುಬ್ಬಳ್ಳಿ ಹತ್ತಿರದ ರಾಯಾಪುರದಲ್ಲಿ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ಬಾಡಿಗೆ ಮನೆಯೊಂದರಲ್ಲಿ ನಮ್ಮ ಕೇಂದ್ರವಿದೆ. ಆಟಿಸಂ ಇರುವವರು, ಕಲಿಯುವುದು ಕಷ್ಟವಾದವರು ಅಲ್ಲಿಗೆ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ಎಲ್ಲರೂ ವಯಸ್ಸಿಗೆ ಬಂದವರು. ಚಿಕ್ಕವರಿಗಾದರೆ ಅಲ್ಲೊಂದು ಇಲ್ಲೊಂದು ಶಾಲೆ ಇದೆ; ಮೀಸೆ ಬಂದ ಮೇಲೆ ಏನೂ ಇಲ್ಲ. ‘ಇನ್ನ ಮನ್ಯಾಗ ಇರ್ಲಿ ಬಿಡ್ರಿ’ ಎಂದು ಹೇಳಿ ಕಳಿಸುತ್ತಾರೆ. ಗಡ್ಡ ಹೆರೆದುಕೊಳ್ಳುವುದು, ಅನ್ನಕ್ಕಿಡುವುದು, ರಸ್ತೆ ದಾಟುವುದು, ಅಂಗಡಿಯಲ್ಲಿ ಬೇಕಾದದ್ದನ್ನು ಕೇಳುವುದು, ಎಲ್ಲಾದರೂ ಒಂದು ಕೆಲಸ ಹಿಡಿಯುವುದು, ಇವುಗಳಿಗೆ ಜೊತೆ ನಿಲ್ಲುವುದು ನನ್ನ ಉದ್ಯೋಗ. ಅದಕ್ಕೆ ಕನ್ನಡದಲ್ಲಿ ಒಪ್ಪುವ ಹೆಸರಿಲ್ಲ. ಮನೆಯವರು ‘ಅಕ್ಕೋರ’ ಅನ್ನುತ್ತಾರೆ. ನಮ್ಮವ್ವ ನೆಂಟರಿಗೆ ‘ಟೀಚರ್ ಅದಾಳ’ ಎಂದು ಹೇಳಿ ಮಾತು ತಿರುಗಿಸುತ್ತಾಳೆ. ನಮ್ಮ ಕಾಕಾ ಒಮ್ಮೆ ಊಟದ ಪಂಕ್ತಿಯಲ್ಲಿ ‘ಹುಚ್ಚರ ಸಾಲಿ’ ಅಂದಿದ್ದ. ನಾನು ಅವನ ಜೊತೆ ವಾದಕ್ಕಿಳಿದು, ಎಲ್ಲರ ಸಾರು ಆರಿ ತಣ್ಣಗಾಗಿ, ಕೊನೆಗೆ ಅವನು ‘ಆತು ನಮ್ಮವ್ವಾ, ನಾನ ಹುಚ್ಚ, ಉಣ್ಣಾಕ ಬಿಡು’ ಎಂದು ಕೈ ಮುಗಿದಿದ್ದ.

ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಬಾಯಿ ಮುಚ್ಚಿಕೊಂಡಿರುವುದು. ಒಂದು ಮಾತು ಕೇಳಬೇಕು, ಕೇಳಿ ಕಾಯಬೇಕು. ನಮ್ಮಲ್ಲಿ ಬರುವ ಹಲವರಿಗೆ ಉತ್ತರ ಒಳಗಿರುತ್ತದೆ, ಹೊರಗೆ ಬರಲು ಹೊತ್ತು ಬೇಕು. ಅಷ್ಟರೊಳಗೆ ನೀವು ಮತ್ತೊಮ್ಮೆ ಕೇಳಿದರೆ ಅವರು ಮೊದಲಿನಿಂದ ಹೊರಡಬೇಕಾಗುತ್ತದೆ. ನನಗೋ ಮೌನವೆಂದರೆ ಎದುರಾಳಿಗೆ ಬಿಟ್ಟುಕೊಟ್ಟ ಅಂಕ. ಸೇರಿದ ಹೊಸದರಲ್ಲೇ ನಮ್ಮ ಹಿರಿಯ ಸಹೋದ್ಯೋಗಿ ಅಂದಿದ್ದರು: “ನೀ ಭಾಳ ಛಲೋ ಮಾತಾಡ್ತೀಯವಾ. ಅದ ನಿನಗ ತೊಂದ್ರಿ ಆಗೂದು ನೋಡು.” ನಾನು ಅದಕ್ಕೂ ಒಂದು ಉತ್ತರ ಕೊಟ್ಟಿದ್ದೆ.

ನಾನು ಹೇಳಹೊರಟಿರುವ ವ್ಯಕ್ತಿಗೆ ಮೂವತ್ತರ ಹತ್ತಿರದ ವಯಸ್ಸು. ಸುಳ್ಳ ಎಂಬ ಹಳ್ಳಿಯ ಒಕ್ಕಲುತನದ ಮನೆ. ತಂದೆ ತೀರಿಕೊಂಡ ಮೇಲೆ ಅಣ್ಣ ಊರಲ್ಲಿ ಹೊಲ ನೋಡಿಕೊಂಡಿದ್ದಾನೆ. ತಾಯಿ ಈ ಮಗನ ಜೊತೆ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಆತ ಎತ್ತರದ ಆಳು. ಬೆಳಿಗ್ಗೆ ಸ್ನಾನ ಮಾಡಿ, ತಾಯಿ ಲಿಂಗಪೂಜೆ ಮುಗಿಸುವ ತನಕ ಪಕ್ಕದಲ್ಲಿ ಕೂತು, ಹಣೆಗೆ ತಾನೇ ವಿಭೂತಿ ಹಚ್ಚಿಕೊಂಡು ಹೊರಡುತ್ತಾನೆ. ಸ್ವಂತ ಮಾತು ಬಹಳ ಕಡಿಮೆ. ಆದರೆ ಕೇಳಿದ ಮಾತನ್ನು ಕೇಳಿದ ದನಿಯಲ್ಲೇ ಹಿಂತಿರುಗಿಸುತ್ತಾನೆ. ಬಸ್ಸಿನಲ್ಲಿ ‘ಮುಂದಿನ ನಿಲ್ದಾಣ ನವಲೂರು’ ಎಂದು ಯಂತ್ರದ ಹೆಂಗಸು ಹೇಳುವ ಮುಂಚೆಯೇ ಆಕೆಯ ದನಿಯಲ್ಲಿ ಹೇಳಿರುತ್ತಾನೆ. ಹೀಗೆ ಎರವಲು ತಂದ ಮಾತಿಗೆ ಅದರ ಪದಗಳ ಅರ್ಥ ಇರುವುದಿಲ್ಲ. ಅದನ್ನು ಮೊದಲು ಕೇಳಿದ ಹೊತ್ತಿನ ಅರ್ಥ ಇರುತ್ತದೆ. ಹಸಿವಾದಾಗ ಆತ ‘ಬರ್ರಿ ಬೀಗ್ರ, ಕೈ ತೊಳ್ಕೊಳ್ರಿ’ ಅನ್ನುತ್ತಾನೆ. ಯಾವುದೋ ಮದುವೆಯಲ್ಲಿ ಯಾರೋ ಹಿರಿಯರು ಅಂದದ್ದು, ಅವರ ಕೆಮ್ಮಿನ ಸಮೇತ. ಗೊತ್ತಿದ್ದವರು ತಾಟು ಹಾಕುತ್ತಾರೆ. ಗೊತ್ತಿಲ್ಲದವರು ನಗುತ್ತಾರೆ.

ಮೊದಲು ನಮ್ಮಲ್ಲಿಗೆ ಬಂದಾಗ ತಾಯಿ, ಪಾಲಕರ ಸಭೆಯಲ್ಲಿ ಎದ್ದು ನಿಂತು, “ಮೈಯಷ್ಟ ಬೆಳದೈತ್ರಿ ಅಕ್ಕೋರ, ಬುದ್ಧಿ ಐದ ವರ್ಷದ ಕೂಸಿಂದು” ಅಂದಿದ್ದರು. ಈ ಮಾತನ್ನು ಕಂಡರೆ ನನಗೆ ಆಗುವುದಿಲ್ಲ. ಅಲ್ಲೇ ಹಿಡಿದೆ. ಐದು ವರ್ಷದ ಕೂಸು ಗಡ್ಡ ಹೆರೆದುಕೊಳ್ಳುತ್ತದೆಯೇ? ತಂದೆ ಸತ್ತ ಮನೆಯಲ್ಲಿ ಅವರ ಚಪ್ಪಲಿಯನ್ನು ಯಾರಿಗೂ ಮುಟ್ಟಗೊಡದೆ ಇಟ್ಟುಕೊಳ್ಳುತ್ತದೆಯೇ? ಊರ ಮಂದಿಯ ನಗುವನ್ನು ಇಷ್ಟು ವರ್ಷ ನುಂಗಿರುತ್ತದೆಯೇ? ಕೂಸು ಅಂದರೆ ಕೂಸಿನ ಹಾಗೆ ನಡೆಸಿಕೊಳ್ಳುತ್ತೀರಿ, ಆಮೇಲೆ ನೋಡ್ರಿ ಕೂಸೇ ಅನ್ನುತ್ತೀರಿ. ಉಳಿದ ಪಾಲಕರು ಚಪ್ಪಾಳೆ ತಟ್ಟಿದರು. ಆ ತಾಯಿ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಕೂತರು. ಮತ್ತೆಂದೂ ಆ ಮಾತು ಆಡಲಿಲ್ಲ. ಫೋನಿನಲ್ಲಿ ಅವರ ತಂಗಿ ಹಾಗೆ ಅಂದರೆ ‘ಹಂಗ ಅನಬಾರದಂತ, ಅಕ್ಕೋರು ಹೇಳ್ಯಾರ’ ಎಂದು ತಿದ್ದಿದ್ದನ್ನು ನಾನೇ ಕೇಳಿದ್ದೇನೆ. ಅದನ್ನು ನನ್ನ ಗೆಲುವುಗಳ ಸಾಲಿಗೆ ಸೇರಿಸಿಕೊಂಡಿದ್ದೆ.

ಲಕಮನಹಳ್ಳಿಯ ಶೆಡ್ಡೊಂದರಲ್ಲಿ ಕಡಕ್ ರೊಟ್ಟಿ ಮಾಡುವ ಘಟಕವಿದೆ. ಹೆಂಗಸರು ಜೋಳದ ರೊಟ್ಟಿ ಬಡಿದು, ಬೇಯಿಸಿ, ಕಟಕಟ ಅನ್ನುವಂತೆ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಡಿಗಳಿಗೆ ಕಳಿಸುತ್ತಾರೆ. ಅದರ ಮಾಲಕಿ ಖಡಕ್ ಹೆಂಗಸು. ನಾನು ಅವರ ಜೊತೆ ವಾದಿಸಿ ಆತನಿಗೆ ಅಲ್ಲಿ ಒಂದು ಜಾಗ ಕೊಡಿಸಿದ್ದೆ. ಮೊದಲು ರೊಟ್ಟಿ ಹೊಂದಿಸಿ ಇಡುವ ಕೆಲಸ; ಆಮೇಲೆ ಚೀಲದ ಬಾಯಿ ಮುಚ್ಚುವ ಯಂತ್ರ. ಚೀಲದ ಬಾಯಿಯನ್ನು ಬಿಸಿ ಪಟ್ಟಿಯ ಕೆಳಗೆ ಇಟ್ಟು ಒತ್ತಿ ಹಿಡಿಯಬೇಕು, ಕೆಂಪು ದೀಪ ಆರಿದ ಮೇಲೆ ಎತ್ತಬೇಕು. ಬೇರೆಯವರು ಅವಸರದಲ್ಲಿ ದೀಪ ಆರುವ ಮುಂಚೆಯೇ ಎತ್ತುತ್ತಿದ್ದರು, ಬಾಯಿ ಬಿಡುತ್ತಿತ್ತು. ಆತ ಕಾಯುತ್ತಿದ್ದ. ದೀಪ ಆರಿದಾಗಲೆಲ್ಲ ಮುಖದಲ್ಲಿ ಒಂದು ಸಮಾಧಾನ ಮೂಡುತ್ತಿತ್ತು.

ಮಾಲಕಿ ಖುಷಿಯಾಗಿ ಅಂದರು: “ಪಂಚಮಿ ಹೊತ್ತಿಗೆ ಭಾಳ ಮಾಲ್ ಹೋಗ್ತೈತ್ರಿ ಮೇಡಮ್ಮಾರ. ಅಷ್ಟ್ರಾಗ ಇವನ್ನ ಖಾಯಂ ಮಾಡ್ಕೋತೇನಿ, ಮಷೀನ ಇವಂದ. ಆದ್ರ ಒಬ್ಬನ ಬರಬೇಕು, ಒಬ್ಬನ ಹೋಗಬೇಕು. ಅವ್ವನ ಕೈ ಹಿಡ್ಕೊಂಡ ಬರೋ ಆಳ ನನಗ ಬ್ಯಾಡ.”

ಹಾಗಾಗಿ ಎಲ್ಲವೂ ಬಸ್ಸಿಗೆ ಬಂದು ನಿಂತಿತು. ಉಣಕಲ್ಲಿನಿಂದ ಲಕಮನಹಳ್ಳಿಗೆ ಆತ ಒಬ್ಬನೇ ಹೋಗಿ ಬರುವುದಾದರೆ ಯಂತ್ರ ಆತನದು. ಇದನ್ನು ಕಲಿಸುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ: ಮೊದಲು ಪಕ್ಕದಲ್ಲಿ ಕೂರಬೇಕು, ಆಮೇಲೆ ಹಿಂದೆ ದೂರದಲ್ಲಿ ನಿಲ್ಲಬೇಕು, ಆಮೇಲೆ ಹಿಂದಿನ ಬಸ್ಸಿನಲ್ಲಿ ಬರಬೇಕು, ಕೊನೆಗೆ ಬರಲೇಬಾರದು. ಯಾರಾದರೂ ಮಾತಾಡಿಸಿದರೆ ತೋರಿಸಲು ಆತನ ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಇತ್ತು: ‘ನನಗೆ ಮಾತು ನಿಧಾನ. ಸ್ವಲ್ಪ ಕಾಯಿರಿ.’ ಅದನ್ನು ತೆಗೆದು ತೋರಿಸುವುದನ್ನು ಕೇಂದ್ರದಲ್ಲಿ ನಾವು ಎಷ್ಟೋ ಸಲ ಆಡಿ ನೋಡಿದ್ದೆವು. ನಾನು ಕೆಟ್ಟ ಪ್ರಯಾಣಿಕಳ ವೇಷ ಹಾಕುತ್ತಿದ್ದೆ, ಆತ ಚೀಟಿ ತೋರಿಸುತ್ತಿದ್ದ.

ಅಂದು ನಾನು ಹಿಂದೆ ದೂರ ನಿಲ್ಲುವ ಸರದಿ. ಬಸ್ಸು ತುಂಬಿತ್ತು. ಹಿಂದಿನ ಬಾಗಿಲ ಪಕ್ಕದ ಕಿಟಕಿಯ ಸೀಟು ಆತನ ಜಾಗ. ಅಲ್ಲಿ ಧೋತರ, ಬಿಳಿ ಟೊಪ್ಪಿಗೆಯ ಅಜ್ಜ ಒಬ್ಬರು ಕೂತಿದ್ದರು. ಆತ ಅವರಿಗೆ ಒತ್ತಿ ನಿಂತು, ಸೀಟನ್ನೇ ನೋಡುತ್ತ, ಮೂಗಿನಲ್ಲಿ ಗುಂಯ್ ಅನ್ನುತ್ತ ತೂಗತೊಡಗಿದ.

“ಏನಪಾ ತಮ್ಮಾ, ಮೈಮ್ಯಾಲೆ ಬೀಳ್ತಿಯೇನ? ಹಿಡಕೊಂಡ ನಿಂದ್ರು,” ಅಂದರು ಅಜ್ಜ. ಸಿಟ್ಟೇನೂ ಇರಲಿಲ್ಲ. “ಯಾವೂರು ನಿಂದು?”

ಆತ ತೂಗುತ್ತಲೇ ಇದ್ದ.

“ಯಾರ ಪೈಕಿ?”

ನಮ್ಮ ಕಡೆ ಇದು ಜಗಳದ ಪ್ರಶ್ನೆ ಅಲ್ಲ. ಕೂತುಕೊಳ್ಳಲು ಮಣೆ ಕೊಟ್ಟ ಹಾಗೆ. ಊರು, ಮನೆತನ ಹೇಳಿದರೆ ಇಳಿಯುವಷ್ಟರಲ್ಲಿ ಏನಾದರೂ ಒಂದು ಬಳಗ ಹತ್ತಿರುತ್ತದೆ. ಹೇಳದೇ ಇದ್ದರೆ ಮಾತ್ರ ಕೇಳಿದವರ ಮುಖಕ್ಕೆ ಹೊಡೆದಂತೆ.

“ಹಿರ್ಯಾರು ಮಾತಾಡಿಸಿದ್ರ ಹೂಂ ಅನಬೇಕು, ಇಲ್ಲಾ ಊಹೂಂ ಅನಬೇಕು. ಹಣಿ ಮ್ಯಾಲಿನ ವಿಭೂತಿ ನೋಡಿದ್ರ ಶರಣರ ಮನ್ಯಾಂವ, ಸೊಕ್ಕ ನೋಡಿದ್ರ ಸಾವಕಾರ!”

ಪಕ್ಕದಲ್ಲಿ ಕಾಯಿಪಲ್ಲೆಯ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಬಾಯಿ ಹಾಕಿದಳು: “ಮುಂಜಾನೆದ್ದ ಹಾಕ್ಯಾನ್ರಿ ಅಜ್ಜಾರ. ನೋಡ್ರಿ ಹೆಂಗ ತೂಗಾಡಾಕತ್ತಾನ.”

“ವಾಸನಿ ಇಲ್ಲಲ್ಲವಾ.”

“ಈಗೀಗ ವಾಸನಿ ಬರಲಾರದ್ದೂ ಬರ್ತೈತಂತ್ರಿ.”

ನಾಲ್ಕು ಜನ ನಕ್ಕರು. ಆತನ ಕೈ ಕಿಸೆಯ ಕಡೆ ಹೊರಟಿತ್ತು. ಅದನ್ನು ನಾನು ಕಂಡೆ. ಆಮೇಲೆ ಎಷ್ಟೋ ಸಲ ಕಾಣಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಕಂಡಿದ್ದೆ. ಬೆರಳು ಕಿಸೆಯ ಅಂಚಿಗೆ ಬಂದಿತ್ತು. ಇನ್ನು ಸ್ವಲ್ಪ ಹೊತ್ತು ಅಷ್ಟೇ. ಆಗ ಅಜ್ಜ ನನ್ನ ಕಡೆ ತಿರುಗಿದರು. ನಾವಿಬ್ಬರೂ ಒಂದೇ ನಿಲ್ದಾಣದಲ್ಲಿ ಹತ್ತಿದ್ದನ್ನು ನೋಡಿದ್ದರು.

“ಏ ತಂಗಿ, ಜೋಡಿಲೇ ಹತ್ತಿದ್ರೆಲ್ಲಾ. ಗಂಡಗ ಒಂಚೂರು ತಿಳಿಸಿ ಹೇಳವಾ.”

ಬುಟ್ಟಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಪಾಪ, ನೋಡ್ರಿ, ಇಂಥಾ ಹುಡುಗಿನ್ನ ಇಂಥಾಂವಗ ಕೊಟ್ಟಾರ.”

ಸಿಟ್ಟು ಬಂದರೆ ನನ್ನ ಬಾಯಿಂದ ಮನೆಯ ಮಾತು ಹೋಗಿ ವೇದಿಕೆಯ ಕನ್ನಡ ಬರುತ್ತದೆ. “ಇವರು ನನ್ನ ಗಂಡ ಅಲ್ಲ,” ಅಂದೆ, ಇಡೀ ಬಸ್ಸಿಗೆ ಕೇಳುವಂತೆ. “ಇವರಿಗೆ ಐದು ವರ್ಷದ ಮಗುವಿನ ಬುದ್ಧಿ ಇದೆ. ದಯವಿಟ್ಟು ತಿಳಿದುಕೊಳ್ಳಿ!”

ಸುತ್ತ ನಿಂತವರು ಹಿಂದೆ ಸರಿದರು. ಅಜ್ಜ ಎದ್ದು ನಿಂತು ಕೈ ಮುಗಿದರು. “ತಪ್ಪಾತವಾ. ಕುಂದ್ರೋ ಕೂಸಾ, ಕುಂದ್ರಪಾ.” ಬುಟ್ಟಿಯ ಹೆಂಗಸು ಬಾಳೆಹಣ್ಣು ಕೊಟ್ಟು, ಆತನ ಗಲ್ಲ ಸವರಿ, ‘ಶಿವಶಿವಾ’ ಎಂದು ನಿಟ್ಟುಸಿರು ಬಿಟ್ಟಳು. ಮುಟ್ಟಿದರೆ ಆತನಿಗೆ ಆಗುವುದಿಲ್ಲ. ಮುಖವನ್ನು ಕಿಟಕಿಯ ಗಾಜಿಗೆ ಒತ್ತಿಕೊಂಡು ಕೂತ. ಕಿಸೆಯಿಂದ ಕೈ ಖಾಲಿ ಬಂದಿತ್ತು.

ನಾನು ಗೆದ್ದಿದ್ದೆ. ಆ ಕ್ಷಣಕ್ಕೆ ಅನ್ನಿಸಿದ್ದು ಅದೇ, ಇಲ್ಲವೆಂದರೆ ಸುಳ್ಳಾಗುತ್ತದೆ. ಸಭೆ ಯಾವ ಮಾತಿಗೆ ಕರಗುತ್ತದೆಯೋ ಆ ಮಾತು ಹಾಕು, ಅದು ನಿಜವೋ ಅಲ್ಲವೋ ಆಮೇಲೆ: ಢಾಲು ಗೆದ್ದದ್ದೆಲ್ಲ ಹಾಗೆಯೇ. ಆದರೆ ಇದನ್ನೂ ಒಂದು ವಾದ ಮಾಡಿ ನಾನು ತಪ್ಪಿಸಿಕೊಳ್ಳುತ್ತಿದ್ದೇನೆ. ಆತನನ್ನು ಬಸ್ಸಿನಿಂದ ಇಳಿಸಿಬಿಡುತ್ತಾರೆ ಎಂಬ ಭಯದಿಂದ ಬಾಯಿ ತೆರೆದೆನೇ? ಹಾಗಿದ್ದರೆ ಮೊದಲ ವಾಕ್ಯ ಬೇರೆ ಇರಬೇಕಿತ್ತು. ನನ್ನ ಮೊದಲ ವಾಕ್ಯ ಆತನ ಬಗ್ಗೆ ಇರಲಿಲ್ಲ. ತರಕಾರಿ ಮಾರುವವಳೊಬ್ಬಳು, ಯಾರೋ, ಮತ್ತೆಂದೂ ಕಾಣದವಳು, ನನ್ನನ್ನು ಈತನ ಹೆಂಡತಿ ಎಂದುಕೊಂಡು ಪಾಪ ಅಂದಳು. ಅಷ್ಟಕ್ಕೆ.

ಲಕಮನಹಳ್ಳಿಯಲ್ಲಿ ಇಳಿದು ರಸ್ತೆ ದಾಟಲು ನಿಂತಾಗ ಆತ ಅಂದ: “ಇವರಿಗೆ ಐದು ವರ್ಷದ ಮಗುವಿನ ಬುದ್ಧಿ ಇದೆ. ದಯವಿಟ್ಟು ತಿಳಿದುಕೊಳ್ಳಿ!” ನನ್ನ ದನಿ. ‘ಐದು’ ಎಂಬಲ್ಲಿ ನಾನು ಕೊಟ್ಟ ಒತ್ತು, ‘ದಯವಿಟ್ಟು’ ಎಂಬಲ್ಲಿ ನನ್ನ ವ್ಯಂಗ್ಯ. ನಾನು ಇಷ್ಟು ಕೆಟ್ಟದಾಗಿ ಮಾತಾಡುತ್ತೇನೆಂದು ಅದುವರೆಗೆ ಯಾರೂ ನನಗೆ ಕೇಳಿಸಿರಲಿಲ್ಲ.

ಮಾತು ಆತನಲ್ಲಿ ಉಳಿದುಬಿಟ್ಟಿತು. ಕೇಂದ್ರದಲ್ಲಿ ಊಟಕ್ಕೆ ಸಾಲು ನಿಂತಾಗ ಅಂದ. ನಿಲ್ದಾಣದ ಗದ್ದಲದಲ್ಲಿ ಅಂದ. ಮನೆಯಲ್ಲೂ ಅಂದ. ಯಾರಾದರೂ ಸುತ್ತುವರಿದರೆ ಅಂದ. ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ: ಆ ಮಾತು ಬಂದ ತಕ್ಷಣ ಬಸ್ಸಿನಲ್ಲಿ ಜನ ಹಿಂದೆ ಸರಿದಿದ್ದರು, ಸೀಟು ಸಿಕ್ಕಿತ್ತು. ಆತನಿಗೆ ಅದರ ಅರ್ಥ ‘ಜಾಗ ಬಿಡಿ’ ಎಂದಷ್ಟೆ. ಕಿಸೆಯ ಚೀಟಿ ಯಾವತ್ತೂ ಇಷ್ಟು ಬೇಗ ಕೆಲಸ ಮಾಡಿರಲಿಲ್ಲ.

ತಾಯಿ ನನ್ನನ್ನು ಮನೆಗೆ ಕರೆಸಿದರು. ಚಹಾ ಕೊಟ್ಟು ಎದುರಿಗೆ ಕೂತರು.

“ಅಕ್ಕೋರ, ಒಂದ ಮಾತ ಕೇಳ್ಲೇನ್ರಿ? ಸಿಟ್ಟಾಗಬಾರದು.”

“ಕೇಳ್ರಿ.”

“ನಮ್ಮನ್ಯಾಗ ಯಾರೂ ದಯವಿಟ್ಟು ಅನ್ನಂಗಿಲ್ರಿ.”

ನಾನು ಲೋಟ ಕೆಳಗಿಟ್ಟೆ. ಬಸ್ಸು ತುಂಬಿತ್ತು, ಕುಡಿದಿದ್ದಾನೆ ಅಂದರು, ಇಳಿಸಿಬಿಡುವ ಸಂದರ್ಭ ಬಂದಿತ್ತು ಎಂದು ಹೇಳಿದೆ. ಇಳಿಸುವ ಮಾತು ಯಾರೂ ಆಡಿರಲಿಲ್ಲ. ಗಂಡ ಎಂದುಕೊಂಡದ್ದನ್ನು ಹೇಳಲಿಲ್ಲ.

“ನಾ ಅಂದಾಗೂ ನನಗ ಹಂಗ ಸಂದರ್ಭ ಬಂದಿತ್ರಿ,” ಅಂದರು ತಾಯಿ. “ನೀವು ಎಲ್ಲಾರ ಮುಂದ ನಿಂದ್ರಿಸಿ ಕೇಳಿದ್ರಿ. ಅವತ್ತ ನಾ ಮನಿಗೆ ಬಂದ ಇವನ ಮುಂದ ಕುಂತ ತಪ್ಪಾತಪಾ ಅಂದೇನ್ರಿ. ಮತ್ತ ಅನಲಿಲ್ಲ. ಈಗ ಇಂವ ದಿನಾ ಅಂತಾನ, ನಿಮ್ಮ ದನೀಲೆ. ಯಾರಿಗೆ ಬ್ಯಾಡ ಅಂತ ಹೇಳ್ಲಿ?”

ಅದಕ್ಕೆ ನಾನೇನು ಹೇಳಿದೆ ನೆನಪಿಲ್ಲ. ಏನೋ ಹೇಳಿದೆ. ಏನೂ ಹೇಳದೆ ಎದ್ದು ಬಂದವಳಲ್ಲ ನಾನು.

ಸ್ವಲ್ಪ ದಿನಕ್ಕೆ ರೊಟ್ಟಿಯ ಮಾಲಕಿಯ ಫೋನು ಬಂತು. ಹೋದಾಗ ಯಂತ್ರದ ಮುಂದೆ ಬೇರೊಬ್ಬ ಹೆಂಗಸು ಕೂತಿದ್ದಳು. ಆತ ಮೂಲೆಯಲ್ಲಿ ರೊಟ್ಟಿ ಹೊಂದಿಸುತ್ತ, ನಡುನಡುವೆ ಯಂತ್ರದ ಕಡೆ ನೋಡುತ್ತಿದ್ದ. ಅಂಗಡಿಯವರು ಮಾಲು ಒಯ್ಯಲು ಬಂದು ಆತನ ಮೇಜನ್ನು ಮುತ್ತಿದ್ದರಂತೆ, ಆತ ಆ ಮಾತು ಅಂದನಂತೆ, ಎಲ್ಲರೂ ಕೇಳಿದರಂತೆ. ಅಂದಿನಿಂದ ಹೆಂಗಸರು ಆತನಿಗೆ ತುತ್ತು ಮಾಡಿ ಕೊಡುತ್ತಿದ್ದರು. ಒಬ್ಬಳು ಸೆರಗಿನಿಂದ ಬಾಯಿ ಒರೆಸಿದಳಂತೆ.

“ಐದ ವರ್ಷದ ಕೂಸಿನ ಕೈಯಾಗ ಸುಡೂ ಮಷೀನ ಕೊಟ್ಟಾಳ ಅಂತ ನಾಳೆ ನನ್ನ ಹೆಸರ ಬರೂದ ಬ್ಯಾಡ್ರಿ ಮೇಡಮ್ಮಾರ.”

“ಇಷ್ಟ ದಿನಾ ಮಾಡ್ಯಾರಲ್ರಿ, ಒಮ್ಮೆರ ಸುಟ್ಕೊಂಡಾರೇನ್ರಿ?”

“ಆವಾಗ ನನಗ ಗೊತ್ತಿರಲಿಲ್ಲ.”

“ಈಗರ ಏನ ಗೊತ್ತಾಗೈತಿ?”

“ನೀವ ಹೇಳಿದ್ದ. ಅಂವ ಅನ್ನೂದು ನಿಮ್ಮ ದನಿ ಅಲ್ಲೇನ?”

“ನಂದ. ಆದ್ರ ಅದು ಸುಳ್ಳ್ರಿ.”

“ಸುಳ್ಳ ಯಾಕ ಹೇಳಿದ್ರಿ ಮತ್ತ?”

ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಬೇರೆ ಕಾರಣಗಳು ಮೂರೋ ನಾಲ್ಕೋ ನಾಲಿಗೆಯ ತುದಿಯಲ್ಲಿದ್ದವು, ಒಂದಕ್ಕಿಂತ ಒಂದು ಚಂದದವು. ಆದರೆ ಯಂತ್ರ ಹೋಗಿತ್ತು. ಖರೆ ಹೇಳಿದರೆ ವಾಪಸು ಬರಬಹುದು ಅನ್ನಿಸಿತು. ಹೇಳಿದೆ. ಆತನ ಎದುರಿಗೇ ಹೇಳಿದೆ: ಬಸ್ಸಿನಲ್ಲಿ ಇವರನ್ನು ನನ್ನ ಗಂಡ ಎಂದುಕೊಂಡರು, ನನಗೆ ನಾಚಿಕೆಯಾಯಿತು, ಅದಕ್ಕೆ.

“ಅಯ್ಯ ಯವ್ವಾ!” ಒಬ್ಬಳು ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. “ಗಂಡ ಅಂದ್ರಂತ ಇಷ್ಟ?”

“ನಮ್ಮನಿ ಪೈಲ್ವಾನಗಿಂತ ಲೇಸ ಅದಾನ ತಗೋರಿ. ಕುಡಿಯಂಗಿಲ್ಲ, ಬಡ್ಯಂಗಿಲ್ಲ, ಹೇಳಿದ ಕೆಲಸ ಮಾಡ್ತಾನ.”

“ನಮ್ಮಾಂವಂದು ಬುದ್ಧಿ ಮೂರ ವರ್ಷದ್ದು. ನನಗ ಇಲ್ಲೀತನಾ ಯಾರೂ ಬಸ್ಸಿನ್ಯಾಗ ಸೀಟ ಬಿಟ್ಟಕೊಟ್ಟಿಲ್ಲ ನೋಡ್ರಿ!”

ಶೆಡ್ಡು ನಗೆಯಿಂದ ತುಂಬಿತು. ಆತ ತಲೆ ಎತ್ತಲಿಲ್ಲ. ರೊಟ್ಟಿಯ ಅಂಚಿಗೆ ಅಂಚು ಕೂಡಿಸುತ್ತಿದ್ದ. ಮಾಲಕಿ ಮಾತ್ರ ನಗಲಿಲ್ಲ.

“ಅಲ್ರಿ ಮೇಡಮ್ಮಾರ, ನಿಮ್ಮ ಮರ್ಯಾದಿ ಉಳಿಸ್ಕೊಳ್ಳಾಕ ಒಂದ ಮಾತ ಆಡ್ತೀರಿ, ಮಷೀನ ಕೊಡಸಾಕ ಒಂದ ಮಾತ ಆಡ್ತೀರಿ. ನಾ ಯಾವ್ದ ನಂಬ್ಲಿ? ತಡೀರಿ, ಅವನ್ನ ಕೇಳ್ತೇನಿ.”

ನ್ಯಾಯವಾದ ಮಾತು. ಇಷ್ಟು ದಿನ ನಾನು ಜನಕ್ಕೆ ಹೇಳುತ್ತ ಬಂದದ್ದೂ ಅದೇ, ಅವರನ್ನೇ ಕೇಳಿ ಎಂದು. ಮಾಲಕಿ ಆತನ ಹತ್ತಿರ ಹೋದರು. ಕುತೂಹಲಕ್ಕೆ ಹೆಂಗಸರೂ ಎದ್ದು ಬಂದು ಸುತ್ತ ನಿಂತರು. ಹಿಟ್ಟು ಮೆತ್ತಿದ ಕೈಗಳು, ಬಾಗಿದ ಮುಖಗಳು, ನಡುವೆ ಆತ.

“ತಮ್ಮಾ, ಮಷೀನ ನಡಸ್ತಿ? ಆಗ್ತೈತಿ ನಿನ್ನ ಕಡಿಂದ?”

ಸ್ವಲ್ಪ ಹಿಂದೆ ಸರೀರಿ, ಒಬ್ಬರೇ ಕೇಳ್ರಿ ಎಂದು ನಾನು ಹೇಳಬೇಕಿತ್ತು. ಅದು ವಾದವಲ್ಲ, ನನ್ನ ಕೆಲಸ. ಅದಕ್ಕೇ ನನಗೆ ಸಂಬಳ. ಆದರೆ ಆಗಷ್ಟೇ ಅಷ್ಟು ಜನ ನಕ್ಕಿದ್ದರು. ಇನ್ನು ಬಾಯಿ ತೆರೆಯಬಾರದು, ಕಾಯಬೇಕು ಎಂದು ಹಟ ಹಿಡಿದು ನಿಂತಿದ್ದೆ.

ಆತ ಸುತ್ತ ನೋಡಿದ. ಗುಂಯ್ ಅಂದ. ಆಮೇಲೆ ಅಂದ: “ಇವರಿಗೆ ಐದು ವರ್ಷದ ಮಗುವಿನ ಬುದ್ಧಿ ಇದೆ. ದಯವಿಟ್ಟು ತಿಳಿದುಕೊಳ್ಳಿ!”

“ಪಾಪ!” ಅಂದರು ಎಲ್ಲರೂ, ಒಂದೇ ಉಸಿರಿಗೆ. ಹಿಂದೆ ಸರಿದರು ಕೂಡ. ಆತ ಕೇಳಿದ್ದು ಆತನಿಗೆ ಸಿಕ್ಕಿತು.

“ಅದರ ಅರ್ಥ ಅದಲ್ರಿ,” ಅಂದೆ ನಾನು. “ಜಾಗ ಬಿಡ್ರಿ ಅನ್ನಾಕತ್ತಾರ. ಇಂಥವರು ಕೇಳಿದ ಮಾತನ್ನ—”

“ಮಾತಿಗೆ ಇನ್ನೊಂದ ಅರ್ಥ ಬ್ಯಾರೆ ಐತೇನ್ರಿ?” ಮಾಲಕಿ ದಣಿದಿದ್ದರು. “ನಿಮ್ಮ ಕೂಡ ಮಾತಾಡಿ ಗೆಲ್ಲೂದ ನಮ್ಮಂಥವರಿಗೆ ಆಗಂಗಿಲ್ರಿ. ಬಿಡ್ರಿ. ರೊಟ್ಟಿ ಹೊಂದಸ್ಲಿ, ಅದನ್ನೂ ಛಲೋ ಮಾಡ್ತಾನ. ಮಷೀನ ಬ್ಯಾಡ. ಮತ್ತ ಅವರವ್ವ ಕರ್ಕೊಂಡ ಬರ್ಲಿ, ಕರ್ಕೊಂಡ ಹೋಗ್ಲಿ. ಕೂಸಿನ್ನ ಒಬ್ಬನ್ನ ರಸ್ತಾದ ಮ್ಯಾಲೆ ಬಿಟ್ಟ ನಾ ಹೆಂಗ ನಿದ್ದಿ ಮಾಡ್ಲಿ?”

ನಾನು ಹೇಳಿದ್ದು ನಿಜವಾಗಿತ್ತು. ಆ ದಿನ ನಾನು ಆಡಿದ್ದೆಲ್ಲ ನಿಜವೇ. ಆದರೆ ನನ್ನ ಬಾಯಲ್ಲಿ ನಿಜ ಕೂಡ ಕುಸ್ತಿಯ ಒಂದು ಪಟ್ಟಿನ ಹಾಗೆ ಕೇಳಿಸುತ್ತಿತ್ತು, ಮತ್ತು ಅದು ಆ ಹೆಂಗಸಿನ ತಪ್ಪಲ್ಲ.

ಸಂಜೆ ಆತನ ಜೊತೆ ಮನೆಗೆ ಹೋದೆ. ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಆತ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

“ಏನಂದ್ರು ಮಾಲಕಿಯವ್ರು?”

“ಮಷೀನ ಕೊಡಂಗಿಲ್ಲಂತ್ರಿ. ಒಬ್ಬರನ್ನ ಕಳಸಬ್ಯಾಡ್ರಿ ಅಂದ್ರು.”

“ಯಾಕಂತ?”

“ನನ್ನಿಂದ್ರಿ.” ಅವತ್ತು ಬಚ್ಚಿಟ್ಟದ್ದನ್ನು ಈಗ ಹೇಳಿದೆ. ಶೆಡ್ಡಿನಲ್ಲಿ ಅಷ್ಟು ಜನರ ಮುಂದೆ ಹೇಳಿದ್ದಕ್ಕಿಂತ ಇಲ್ಲಿ ಒಬ್ಬರ ಮುಂದೆ ಹೇಳುವುದು ಕಷ್ಟವಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಅನುಕೂಲವಿತ್ತು. ತಾಯಿಯ ಕೈ ಮೊರದ ಮೇಲೆ ನಿಂತಿತು.

“ಬಸ್ಸಿನ್ಯಾಗಿನ ಮಂದಿ ಇವನ್ನ ನಿಮ್ಮ ಗಂಡ ಅಂತ ತಿಳಕೊಂಡಿದ್ರೇನ್ರಿ?”

“ಹೂಂ ರಿ.”

“ಖರೇನ?”

“ಖರೇರಿ.”

ಅವರ ಮುಖದಲ್ಲಿ ಒಂದು ಬೆಳಕು ಬಂತು. ಅದನ್ನು ನೋಡಲು ನನ್ನಿಂದಾಗಲಿಲ್ಲ. ಮೊರದಲ್ಲಿದ್ದ ಕಲ್ಲುಗಳನ್ನು ನೋಡಿದೆ. “ಮೀಸಿ ನೋಡಿರಬೇಕ ಅವರು,” ಅಂದರು, ನನಗಲ್ಲ, ತಮಗೆ. “ಇವನ್ನ ನೋಡಿ ಒಬ್ಬಾಕಿ ಗಂಡ ಇರಬೇಕು ಅಂತ ಅನಕೊಂಡ್ರಲ್ಲಾ. ಹಡದಾಕಿಗೆ ನನಗ ಒಮ್ಮೆನೂ ಹಂಗ ಕಂಡಿಲ್ರಿ.” ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು, “ಆಮ್ಯಾಲೆ ನೀವ ಅಲ್ಲ ಅಂದ್ರಿ,” ಅಂದರು. ಕೇಳಿದ್ದಲ್ಲ, ಸುಮ್ಮನೆ ಅಂದದ್ದು. ಮತ್ತೆ ಕಲ್ಲು ಆರಿಸತೊಡಗಿದರು.

ಆತ ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ತಾಯಿ ಹೇಳಿದರು: “ನಾಳಿಂದ ನಾ ಬರ್ತೇನಪಾ ನಿನ್ನ ಕೂಡ, ಬಸ್ಸಿಗೆ.”

ಆತ ಅಲ್ಲೇ ನಿಂತ. ಉತ್ತರ ಬರುವುದಿದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ತಾಯಿ ಕಾದರು, ನಾನೂ ಕಾದೆ. ಹೊರಗೆ ಯಾರದೋ ಗಾಡಿ ನಿಂತು, ಮತ್ತೆ ಶುರುವಾಗಿ, ಹೋಯಿತು.

“ಒಬ್ಬನ,” ಅಂದ ಆತ. ಬೇರೆ ಯಾರ ದನಿಯೂ ಅಲ್ಲ, ಆತನದೇ. ತುಸು ಒಡಕು, ದಪ್ಪ, ದೊಡ್ಡ ಗಂಡಸಿನ ದನಿ.

ತಾಯಿ ನನ್ನ ಮುಖ ನೋಡಿದರು. ಅವರನ್ನು ಒಪ್ಪಿಸಲು ಬೇಕಾದಷ್ಟು ಮಾತುಗಳು ನನ್ನ ಹತ್ತಿರ ಇದ್ದವು. ಆದರೆ ಬಸ್ಸು ನನ್ನ ಕೈಯಲ್ಲಿರಲಿಲ್ಲ, ಶೆಡ್ಡೂ ಇರಲಿಲ್ಲ, ಈ ತಾಯಿಗೆ ನಾನು ಕೊಡಬಲ್ಲ ಧೈರ್ಯವನ್ನು ಅವರು ಯಾಕೆ ನಂಬಬೇಕೋ ನನಗೇ ಗೊತ್ತಿರಲಿಲ್ಲ.

“ಒಬ್ಬನ ಬ್ಯಾಡಂತಪಾ,” ಅಂದರು ತಾಯಿ ಕೊನೆಗೆ, ಮೆಲ್ಲಗೆ. “ಬ್ಯಾಡಂತ ಅವರು.”

ಆತ ಇನ್ನೂ ನಿಂತೇ ಇದ್ದ. ನಾನು ಎದ್ದು, ಬರ್ತೇನ್ರಿ ಎಂದು ಹೇಳಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡೆ.